ಕ್ಲೈಂಟ್ ಜೊತೆ ಮಾತುಕತೆಗೆ ಯಾವ ಆ್ಯಪ್ ಇಟ್ಟುಕೊಳ್ಳಬೇಕು? ವಾಟ್ಸ್‌ಆ್ಯಪ್, ಟೆಲಿಗ್ರಾಂ, ಡಿಸ್ಕಾರ್ಡ್, ಇಮೇಲ್

ಬಣ್ಣದ_ಡಬ್ಬಿ:
ಪುಸ್ತಕದ ಮುಖಪುಟ ಮತ್ತು ಪೋರ್ಟ್ರೇಟ್ ಕಮಿಷನ್ (ಕ್ಲೈಂಟ್ ಕೇಳಿದಂತೆ ಹಣಕ್ಕೆ ಚಿತ್ರ ಬರೆದುಕೊಡುವ ಕೆಲಸ) ಮಾಡುವ ಫ್ರೀಲಾನ್ಸ್ ಕಲಾವಿದರಿಗೆ ಈ ಪ್ರಶ್ನೆ. ಒಬ್ಬ ಕ್ಲೈಂಟ್ ವಾಟ್ಸ್‌ಆ್ಯಪ್‌ನಲ್ಲಿ, ಇನ್ನೊಬ್ಬರು ಇನ್‌ಸ್ಟಾಗ್ರಾಂ ಡಿಎಂನಲ್ಲಿ, ಮತ್ತೊಬ್ಬರು ಡಿಸ್ಕಾರ್ಡ್‌ನಲ್ಲಿ. ಯಾವ ತಿದ್ದುಪಡಿ ಎಲ್ಲಿ ಹೇಳಿದ್ದರು ಅಂತ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ನನಗೆ ಬೇಕಾಗಿರುವುದು ಮೂರು: ಚಿತ್ರದ ಗುಣಮಟ್ಟ ಕೆಡಬಾರದು, ಒಪ್ಪಿಗೆಗೆ ದಾಖಲೆ ಇರಬೇಕು, ಸಾಧ್ಯವಾದರೆ ಸ್ವಂತ ಫೋನ್ ನಂಬರ್ ಕೊಡಬಾರದು. ಎಲ್ಲರನ್ನೂ ಒಂದೇ ಆ್ಯಪ್‌ಗೆ ತರುವುದು ಸರಿಯೇ?

ಕರಡು_ಗೆರೆ:
ಎಲ್ಲರನ್ನೂ ಒಂದೇ ಆ್ಯಪ್‌ಗೆ ಎಳೆಯಲು ಹೋಗಬೇಡಿ. ಹೊಸ ಆ್ಯಪ್ ಹಾಕಿಕೊಳ್ಳಿ ಅಂದರೆ ಅರ್ಧ ಜನ ಉತ್ತರಿಸುವುದನ್ನೇ ನಿಲ್ಲಿಸುತ್ತಾರೆ. ಮಾತು ಅವರಿಗೆ ಒಗ್ಗಿದ ಕಡೆಯೇ ನಡೆಯಲಿ, ಒಪ್ಪಿಗೆ ಮಾತ್ರ ಒಂದೇ ಕಡೆ ಇರಲಿ. ಆ ಜಾಗ ಇಮೇಲ್.

ಕಾರಣ ಇದು. ಚಾಟ್‌ನಲ್ಲಿ ಬರೆದದ್ದು ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಟೆಲಿಗ್ರಾಂನ ಇಬ್ಬರ ಚಾಟ್‌ನಲ್ಲಿ ಯಾರು ಬೇಕಾದರೂ, ಯಾವಾಗ ಬೇಕಾದರೂ, ಇಡೀ ಸಂಭಾಷಣೆಯನ್ನು ಎರಡೂ ಕಡೆಯಿಂದ ಅಳಿಸಬಹುದು. ಡಿಸ್ಕಾರ್ಡ್‌ನಲ್ಲಿ ಹಳೇ ಮೆಸೇಜನ್ನು ಎಷ್ಟು ದಿನದ ಮೇಲಾದರೂ ತಿದ್ದಬಹುದು. ತಿದ್ದಿದೆ ಅನ್ನುವ ಗುರುತು ಮಾತ್ರ ಕಾಣುತ್ತದೆ, ಮೊದಲು ಏನಿತ್ತು ಅನ್ನುವುದು ಕಾಣುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ತಿದ್ದಲು 15 ನಿಮಿಷದ ಮಿತಿ ಇದೆ, ಆದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಮಾಯವಾಗುವ ಮೆಸೇಜ್ ಸೆಟ್ಟಿಂಗನ್ನು ಇಬ್ಬರಲ್ಲಿ ಯಾರಾದರೂ ಆನ್ ಮಾಡಬಹುದು. ಕೆಲಸ ಶುರುವಾಗುವ ಮೊದಲು ಅದನ್ನು ಒಮ್ಮೆ ನೋಡಿಬಿಡಿ. ಕಚೇರಿಗಳಲ್ಲಿ ಬಳಸುವ ಚಾಟ್ ಆ್ಯಪ್ ಸ್ಲ್ಯಾಕ್‌ನ ಉಚಿತ ಪ್ಲಾನ್‌ನಲ್ಲಿ 90 ದಿನಕ್ಕಿಂತ ಹಳೇ ಮಾತು ಕಾಣುವುದಿಲ್ಲ, ಮುಖಪುಟದ ಕೆಲಸ ಅದಕ್ಕಿಂತ ಉದ್ದ ಎಳೆಯುವುದು ಮಾಮೂಲು. ಕಳಿಸಿದ ಇಮೇಲ್ ಮಾತ್ರ ಇಬ್ಬರ ಬಳಿಯೂ ಬೇರೆ ಬೇರೆ ಪ್ರತಿಯಾಗಿ ಉಳಿಯುತ್ತದೆ.

ಸ್ಕೆಚ್, ಬಣ್ಣ, ಕೊನೆಯ ಚಿತ್ರ: ಪ್ರತಿ ಹಂತಕ್ಕೂ ಒಂದು ಸಣ್ಣ ಇಮೇಲ್ ಸಾಕು. ಲಗತ್ತಿಸಿದ್ದು ಯಾವ ಆವೃತ್ತಿ, ಚಾಟ್‌ನಲ್ಲಿ ಏನು ತೀರ್ಮಾನವಾಯಿತು, ಎಷ್ಟು ಸುತ್ತು ತಿದ್ದುಪಡಿ ಉಳಿದಿದೆ, ಒಪ್ಪಿದ ಮೇಲೆ ಭಂಗಿ ಅಥವಾ ಸಂಯೋಜನೆ ಬದಲಿಸಿದರೆ ಹೆಚ್ಚಿನ ಶುಲ್ಕ. ಕೊನೆಗೆ "ಒಪ್ಪಿಗೆ ಎಂದು ಈ ಇಮೇಲ್‌ಗೇ ಉತ್ತರಿಸಿ" ಅಂತ ಕೇಳಿ. ಹೆಬ್ಬೆರಳಿನ ಎಮೋಜಿಯನ್ನು ಒಪ್ಪಿಗೆ ಅಂತ ಎಣಿಸಬೇಡಿ. ನೋಡಿದೆ ಅನ್ನುವುದಕ್ಕೂ ಜನ ಅದನ್ನೇ ಒತ್ತುತ್ತಾರೆ.

ಪಿಕ್ಸೆಲ್_ಪಹರೆ:
ಚಿತ್ರದ ಗುಣಮಟ್ಟದ ಬಗ್ಗೆ ನಾನು ಹೇಳುತ್ತೇನೆ. ತೊಂದರೆ ಆ್ಯಪ್‌ಗಿಂತ ಹೆಚ್ಚಾಗಿ ಕಳಿಸುವ ದಾರಿಯಲ್ಲಿದೆ. ವಾಟ್ಸ್‌ಆ್ಯಪ್‌ನಲ್ಲಿ ಗ್ಯಾಲರಿಯಿಂದ ಫೋಟೊ ಆಗಿ ಕಳಿಸಿದರೆ ಉದ್ದದ ಬದಿ ಸಾಮಾನ್ಯವಾಗಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ, ಮತ್ತೆ ಜೆಪೆಗ್ ಆಗಿ ಕಂಪ್ರೆಸ್ ಆಗುತ್ತದೆ, ಅಂದರೆ ವಿವರ ಕಳೆದು ಫೈಲ್ ಕುಗ್ಗುತ್ತದೆ. ಎ4 ಮುದ್ರಣಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಬೇಕಾಗುವುದು 2480×3508 ಪಿಕ್ಸೆಲ್. ಅದೇ ಲೆಕ್ಕದಲ್ಲಿ 1600 ಪಿಕ್ಸೆಲ್ ಅಂದರೆ ಐದು ಇಂಚು ಚಿಲ್ಲರೆ, ಅಷ್ಟೇ. ಎಚ್‌ಡಿ ಆಯ್ಕೆ ಒತ್ತಿದರೆ ಅಳತೆ ದೊಡ್ಡದಾಗುತ್ತದೆ, ಕಂಪ್ರೆಸ್ ಆಗುವುದು ತಪ್ಪುವುದಿಲ್ಲ. ಹಿನ್ನೆಲೆ ಇಲ್ಲದ ಪಿಎನ್‌ಜಿ ಕಳಿಸಿದರೆ ಪಾರದರ್ಶಕತೆಯೂ ಹೋಗುತ್ತದೆ.

ಅದೇ ಚಿತ್ರವನ್ನು ಅಟ್ಯಾಚ್‌ನಲ್ಲಿ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಒಂದು ಬೈಟೂ ಬದಲಾಗದೆ ತಲುಪುತ್ತದೆ. ವಾಟ್ಸ್‌ಆ್ಯಪ್‌ಗೂ ಉಚಿತ ಟೆಲಿಗ್ರಾಂಗೂ ಮಿತಿ 2 ಜಿಬಿ. ಉಚಿತ ಡಿಸ್ಕಾರ್ಡ್‌ನಲ್ಲಿ 10 ಎಂಬಿ, ಪದರಗಳಿರುವ ಪಿಎಸ್‌ಡಿಗೆ (ಫೋಟೊಶಾಪ್ ಫೈಲ್) ಏನೂ ಸಾಲದು. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ಡ್ರೈವ್ ಲಿಂಕ್ ಆಗುತ್ತದೆ. ಡಿಸ್ಕಾರ್ಡ್‌ಗೆ ಹಾಕಿದ ಚಿತ್ರದ ಲಿಂಕನ್ನು ನಕಲು ಮಾಡಿ ಇಮೇಲ್‌ಗೆ ಅಂಟಿಸಬೇಡಿ. ಹೊರಗೆ ಹಂಚಿದ ಆ ಲಿಂಕ್‌ಗಳು ಒಂದು ದಿನದಲ್ಲಿ ಸಾಯುತ್ತವೆ.

ಎಚ್ಚರಿಕೆ: ಡಾಕ್ಯುಮೆಂಟ್ ಆಗಿ ಹೋದ ಫೈಲ್‌ನಲ್ಲಿ ಮೆಟಾಡೇಟಾ (ತೆಗೆದ ಜಾಗ, ಸಮಯದಂಥ ಒಳಗೇ ಅಡಗಿರುವ ವಿವರ) ಕೂಡ ಹಾಗೇ ಇರುತ್ತದೆ. ಕ್ಯಾನ್ವಾಸ್ ಮೇಲೆ ಬರೆದ ಚಿತ್ರವನ್ನು ಮನೆಯಲ್ಲಿ ಮೊಬೈಲಿನಿಂದ ತೆಗೆದಿದ್ದರೆ, ಲೊಕೇಶನ್ ಆನ್ ಇದ್ದರೆ, ನಿಮ್ಮ ಮನೆಯ ಅಕ್ಷಾಂಶ ರೇಖಾಂಶ ಕ್ಲೈಂಟ್ ಕೈಗೆ ಹೋಗುತ್ತದೆ. ಮೊದಲು ಅಳಿಸಿ.

ಪೂರ್ವವೀಕ್ಷಣೆಗೆ ಮಾತ್ರ ಕಂಪ್ರೆಸ್ ಆದ ಫೋಟೊನೇ ಒಳ್ಳೆಯದು. ಉದ್ದದ ಬದಿ 1200 ಪಿಕ್ಸೆಲ್, ಬಣ್ಣ ಎಸ್‌ಆರ್‌ಜಿಬಿಯಲ್ಲಿ (ಪರದೆಗಳ ಸಾಮಾನ್ಯ ಬಣ್ಣದ ಮಾನದಂಡ), ಮೇಲೆ ವಾಟರ್‌ಮಾರ್ಕ್. ಇನ್ನೂ ವಿಶಾಲವಾದ ಅಡೋಬಿ ಆರ್‌ಜಿಬಿಯಲ್ಲೇ ಬಿಟ್ಟರೆ, ಫೈಲಿನ ಬಣ್ಣದ ಪ್ರೊಫೈಲನ್ನು ಆ್ಯಪ್ ಕಿತ್ತುಹಾಕಿದಾಗ ಬಣ್ಣ ಮಂಕಾಗುತ್ತದೆ. ಆಮೇಲೆ "ಕೆಂಪು ಇನ್ನೂ ಎದ್ದು ಕಾಣಲಿ" ಅನ್ನುವ ಬೇಡದ ತಿದ್ದುಪಡಿ ಬರುತ್ತದೆ. ಫೈಲಿಗೆ ಹೆಸರು "ಮುಖಪುಟ-ಸ್ಕೆಚ್-03" ಎಂಬಂತೆ ಇರಲಿ. ಪೂರ್ಣ ಅಳತೆಯ ಫೈಲ್, ಹಣ ಬಂದ ಮೇಲೆ, ಬರೀ ನೋಡುವ ಅನುಮತಿ ಇರುವ ಕ್ಲೌಡ್ ಫೋಲ್ಡರ್‌ನಲ್ಲಿ.

ನೀಲಿ_ಶಾಯಿ:
ಫೋನ್ ನಂಬರ್ ಬೇಡ ಅಂದರೆ ಡಿಸ್ಕಾರ್ಡ್, ಟೆಲಿಗ್ರಾಂ, ಸಿಗ್ನಲ್ ಮೂರರಲ್ಲೂ ಬಳಕೆದಾರ ಹೆಸರು ಸಾಕು. ಟೆಲಿಗ್ರಾಂನಲ್ಲೂ ಸಿಗ್ನಲ್‌ನಲ್ಲೂ ಖಾತೆ ತೆರೆಯಲು ನಂಬರ್ ಬೇಕೇ ಬೇಕು, ಪ್ರೈವಸಿ ಸೆಟ್ಟಿಂಗ್‌ನಲ್ಲಿ "ನನ್ನ ನಂಬರ್ ಯಾರಿಗೂ ಕಾಣಬಾರದು" ಅಂತ ಮಾಡಿಕೊಳ್ಳಿ.

ಗೇಮ್, ಕಾಮಿಕ್ಸ್ ಕಡೆಯ ಕ್ಲೈಂಟ್‌ಗಳಾದರೆ ಡಿಸ್ಕಾರ್ಡ್ ಸರ್ವರ್ (ಹಲವು ಚಾನೆಲ್‌ಗಳಿರುವ ನಿಮ್ಮದೇ ಗುಂಪು) ನಿಜಕ್ಕೂ ಅನುಕೂಲ. ಒಬ್ಬೊಬ್ಬರಿಗೂ ಒಂದು ಖಾಸಗಿ ಚಾನೆಲ್ ಮಾಡಿ, ಎವ್ರಿವನ್ ರೋಲ್‌ಗೆ (ಸರ್ವರ್‌ನಲ್ಲಿರುವ ಎಲ್ಲರಿಗೂ ಅನ್ವಯಿಸುವ ಗುಂಪು) ಚಾನೆಲ್ ನೋಡುವ ಅನುಮತಿ ತೆಗೆದು, ಆ ಕ್ಲೈಂಟ್‌ಗೆ ಮಾತ್ರ ಕೊಡಿ. ಬ್ರೀಫ್ (ಕ್ಲೈಂಟ್ ಕೊಟ್ಟ ಕೆಲಸದ ವಿವರ) ಪಿನ್ ಮಾಡಿ, ಪ್ರತಿ ಸುತ್ತಿನ ತಿದ್ದುಪಡಿಗೆ ಒಂದು ಥ್ರೆಡ್ (ಚಾನೆಲ್‌ನೊಳಗಿನ ಬೇರೆ ಚರ್ಚೆ). ಆಗ ಹುಡುಕಾಟವೇ ಇರುವುದಿಲ್ಲ. ಆದರೆ ಒಂದೇ ಒಂದು ಸಾಮಾನ್ಯ ಚಾನೆಲ್ ಇದ್ದರೂ ಅದರ ಸದಸ್ಯರ ಪಟ್ಟಿಯಲ್ಲಿ ಕ್ಲೈಂಟ್‌ಗಳು ಒಬ್ಬರನ್ನೊಬ್ಬರು ನೋಡುತ್ತಾರೆ. ಗುಟ್ಟಿನ ಕರಾರಿರುವ ಕೆಲಸಕ್ಕೆ ಬೇರೆಯೇ ಸರ್ವರ್ ಮಾಡಿ.

ಮೋಸಗಾರರೂ ಡಿಸ್ಕಾರ್ಡ್‌ನಲ್ಲೇ ಹೆಚ್ಚು ಓಡಾಡುತ್ತಾರೆ. ರೆಫರೆನ್ಸ್ ಅಂತ ಜಿಪ್ ಫೈಲ್ ಬಂದರೆ ತೆರೆಯಬೇಡಿ, ಚಿತ್ರ ಅಥವಾ ಪಿಡಿಎಫ್ ಕೇಳಿ. "ಈ ಕ್ಯುಆರ್ ಸ್ಕ್ಯಾನ್ ಮಾಡಿ ಸರ್ವರ್‌ಗೆ ಬನ್ನಿ" ಅಂದರೆ ಅದು ಲಾಗಿನ್ ಕ್ಯುಆರ್ ಆಗಿರಬಹುದು, ಸ್ಕ್ಯಾನ್ ಮಾಡಿ ಒಪ್ಪಿದರೆ ನಿಮ್ಮ ಖಾತೆ ಅವರ ಕೈಗೆ ಹೋಗುತ್ತದೆ. ಎರಡು ಹಂತದ ದೃಢೀಕರಣ ಇದ್ದರೂ ಈ ದಾರಿಯನ್ನು ಅದು ತಡೆಯುವುದಿಲ್ಲ.

ಕರಡು_ಗೆರೆ:
@ನೀಲಿ_ಶಾಯಿ ಹೇಳಿದ್ದಕ್ಕೆ ಒಂದು ಸೇರಿಕೆ. ಕೆಲಸ ಫೈವರ್ ಅಥವಾ ಅಪ್‌ವರ್ಕ್‌ನಂಥ ಫ್ರೀಲಾನ್ಸ್ ತಾಣದ ಮೂಲಕ ಬಂದಿದ್ದರೆ ಈ ಚರ್ಚೆಯೇ ಬೇಡ, ಅಲ್ಲಿನ ಇನ್‌ಬಾಕ್ಸ್ ಬಿಟ್ಟು ಹೊರಗೆ ಹೋಗಬೇಡಿ. ಅಪ್‌ವರ್ಕ್‌ನಲ್ಲಿ ಕರಾರು ಶುರುವಾಗುವ ಮೊದಲು ಹೊರಗಿನ ಸಂಪರ್ಕ ವಿನಿಮಯ ನಿಯಮಕ್ಕೆ ವಿರುದ್ಧ. ತಕರಾರು ಬಂದಾಗಲೂ ಅವರು ಮೊದಲು ನೋಡುವುದು ತಮ್ಮಲ್ಲೇ ನಡೆದ ಮಾತುಕತೆಯನ್ನು.

ಬಣ್ಣದ_ಡಬ್ಬಿ:
ಎಲ್ಲರಿಗೂ ಧನ್ಯವಾದ. ಇಮೇಲ್ ಪದ್ಧತಿ ಇವತ್ತಿನಿಂದಲೇ ಹಿಡಿಯುತ್ತೇನೆ. ವಾಯ್ಸ್ ನೋಟ್ ಕಳಿಸುವ ಕ್ಲೈಂಟ್‌ಗಳನ್ನು ಏನು ಮಾಡುವುದು? ಬೇಡ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ.

ಪಿಕ್ಸೆಲ್_ಪಹರೆ:
ಬೇಡ ಅನ್ನಬೇಕಿಲ್ಲ. ಕೇಳುತ್ತಾ ಬರೆದುಕೊಳ್ಳಿ, ಅಂಕಿ ಹಾಕಿ ಪಟ್ಟಿ ಮಾಡಿ: "1. ಎಡಗೈ ಕೆಳಗೆ. 2. ಸೀರೆಯ ಅಂಚು ತೆಳು. 3. ಹಿನ್ನೆಲೆಯ ಮರ ತೆಗೆಯಬೇಕು." ಅದೇ ಚಾಟ್‌ಗೆ ಕಳಿಸಿ, "ಇಷ್ಟೇ ತಾನೇ?" ಅಂತ ಕೇಳಿ. ಹೌದು ಅಂದ ಮೇಲೆಯೇ ಫೈಲ್ ತೆರೆಯಿರಿ. "ಮುಖ ಇನ್ನೂ ಜೀವಂತವಾಗಿರಲಿ" ಅನ್ನುವಂಥ ಮಾತು ಬಂದರೆ ಅದನ್ನು ಪಟ್ಟಿಗೆ ಸೇರಿಸಬೇಡಿ. ಚಿತ್ರದ ಮೇಲೆ ಅವರಿಂದಲೇ ಗುರುತು ಹಾಕಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನ ಫೋಟೊ ಎಡಿಟರ್‌ನಲ್ಲಿ ಬೆರಳಿನಿಂದ ಸುತ್ತು ಹಾಕಲು ಯಾರಿಗೂ ಕಷ್ಟವಾಗುವುದಿಲ್ಲ.