2009ರ ಉತ್ತೇಜನ ನಿಧಿ: ಅಮೆರಿಕದ ರಾಜ್ಯಗಳು ಡಾಂಬರೀಕರಣಕ್ಕೇ ಒಲವು ತೋರಿದ್ದೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆರ್ಥಿಕ ಹಿಂಜರಿತದ ನಡುವೆ, 2009ರ ಫೆಬ್ರುವರಿ 17ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಚೇತರಿಕೆ ಕಾಯ್ದೆಯಲ್ಲಿ ಹೆದ್ದಾರಿ ಮತ್ತು ಸೇತುವೆಗಳಿಗೆ ಸುಮಾರು 2,750 ಕೋಟಿ ಡಾಲರ್ ಮೀಸಲಾಗಿತ್ತು. ಇಷ್ಟು ಹಣವಿದ್ದರೂ ರಾಜ್ಯಗಳ ಸಾರಿಗೆ ಇಲಾಖೆಗಳು ಹೊಸ ಮಾರ್ಗಗಳಿಗಿಂತ ಹಳೆಯ ರಸ್ತೆಗಳ ಡಾಂಬರೀಕರಣವನ್ನೇ ಹೆಚ್ಚಾಗಿ ಆರಿಸಿಕೊಂಡದ್ದೇಕೆ? ಕಾಮಗಾರಿಯೊಂದು ಸಿದ್ಧವಾಗಿದೆ ಎನ್ನಲು ಏನೇನು ಮುಗಿದಿರಬೇಕಿತ್ತು?

ಉತ್ತರ 1

ಕಾರಣ ಗಡುವಿನಲ್ಲಿದೆ. ರಾಜ್ಯ ಸರ್ಕಾರವೇ ನಿರ್ವಹಿಸುವ ಪಾಲಿನಲ್ಲಿ ಅರ್ಧದಷ್ಟನ್ನು, ಹಂಚಿಕೆಯಾದ 120 ದಿನಗಳೊಳಗೆ ನಿರ್ದಿಷ್ಟ ಕಾಮಗಾರಿಗಳಿಗೆ ಬದ್ಧಗೊಳಿಸಬೇಕಿತ್ತು. ಉಳಿದದ್ದಕ್ಕೆ ಒಂದು ವರ್ಷದ ಅವಧಿಯಿತ್ತು. ತಪ್ಪಿದರೆ ಆ ಹಣ ಬೇರೆ ರಾಜ್ಯಗಳ ಪಾಲಾಗುತ್ತಿತ್ತು.

ಬದ್ಧಗೊಳಿಸುವ ಹಂತ ತಲುಪಬೇಕಾದರೆ ಕಾಮಗಾರಿಯು ರಾಜ್ಯದ ಸಾರಿಗೆ ಸುಧಾರಣಾ ಕಾರ್ಯಕ್ರಮದ ಪಟ್ಟಿಯಲ್ಲಿರಬೇಕು, ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯ ಪರಿಶೀಲನೆ ಮುಗಿದಿರಬೇಕು, ಬೇಕಾದ ಜಾಗದ ಹಕ್ಕು ಇತ್ಯರ್ಥವಾಗಿರಬೇಕು, ನಕ್ಷೆ ಮತ್ತು ಅಂದಾಜುಪಟ್ಟಿ ಟೆಂಡರ್ ಕರೆಯುವ ಮಟ್ಟಕ್ಕೆ ಬಂದಿರಬೇಕು. ಇರುವ ರಸ್ತೆಗೆ ಹೊಸ ಪದರ ಹಾಕಲು ಸಾಮಾನ್ಯವಾಗಿ ಭೂಸ್ವಾಧೀನ ಬೇಕಿಲ್ಲ, ವಿಸ್ತೃತ ಪರಿಸರ ವರದಿಯೂ ಬೇಕಿಲ್ಲ. ಹೊಸ ಹೆದ್ದಾರಿಯ ಪರಿಸರ ವರದಿಯೊಂದಕ್ಕೇ ವರ್ಷಗಳು ಹಿಡಿಯುತ್ತವೆ. ಸನಿಕೆ ಹಿಡಿದವರ ಕೊರತೆ ಎಲ್ಲಿಯೂ ಇರಲಿಲ್ಲ. ಕೊರತೆಯಿದ್ದದ್ದು ಪೂರ್ಣಗೊಂಡ ಕಡತಗಳದ್ದು. ಮಿಸೌರಿಯ ಟಸ್ಕಂಬಿಯಾದಲ್ಲಿ ಓಸೇಜ್ ನದಿಯ ಸೇತುವೆಯ ಕೆಲಸ ಕಾಯ್ದೆಗೆ ಸಹಿ ಬಿದ್ದ ದಿನವೇ ಶುರುವಾಯಿತೆಂದರೆ, ಅದರ ಪೂರ್ವಸಿದ್ಧತೆ ಕಾಯ್ದೆಗಿಂತ ಮುಂಚೆಯೇ ಮುಗಿದಿತ್ತೆಂದೇ ಅರ್ಥ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಹಣಕಾಸಿನ ಮಗ್ಗುಲನ್ನಷ್ಟೇ ಸೇರಿಸುತ್ತೇನೆ. ಮಾಮೂಲಿ ಹೆದ್ದಾರಿ ಅನುದಾನದಲ್ಲಿ ರಾಜ್ಯಗಳು ಬಹುಮಟ್ಟಿಗೆ ಶೇ. 20ರಷ್ಟನ್ನು ತಾವೇ ಭರಿಸಬೇಕು. ಇಲ್ಲಿ ಪೂರ್ತಿ ವೆಚ್ಚವನ್ನು ಕೇಂದ್ರವೇ ಕೊಡಬಹುದಿತ್ತು. ಆದರೂ ಅದು ಮರುಪಾವತಿಯ ಪದ್ಧತಿ: ಕೆಲಸ ನಡೆದ ಮೇಲೆ ಬಿಲ್ಲು, ಬಿಲ್ಲಿನ ಮೇಲೆ ಹಣ. ಜೊತೆಗೆ, ತಮ್ಮ ಯೋಜಿತ ಸಾರಿಗೆ ವೆಚ್ಚವನ್ನು ಈ ನೆಪದಲ್ಲಿ ಕಡಿತಗೊಳಿಸುವುದಿಲ್ಲವೆಂದು ರಾಜ್ಯಪಾಲರು ಪ್ರಮಾಣೀಕರಿಸಬೇಕಿತ್ತು. ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತ ಕಾರ್ಯಾಂಗದ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಗಳಂತೆ. ಸೃಷ್ಟಿಯಾದ ಉದ್ಯೋಗಗಳ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಒಪ್ಪಿಸಬೇಕಿತ್ತು.

ಹಿಂಜರಿತದಲ್ಲಿ ಕೆಲಸವಿಲ್ಲದ ಗುತ್ತಿಗೆದಾರರು ಪೈಪೋಟಿಗಿಳಿದು, ಅನೇಕ ಟೆಂಡರುಗಳು ಇಲಾಖೆಯ ಅಂದಾಜಿಗಿಂತ ಕಡಿಮೆಗೆ ಬಂದವು. ಹಾಗೆ ಉಳಿದ ಹಣವನ್ನೂ ಗಡುವಿನೊಳಗೆ ಬಳಸಬೇಕಾದ್ದರಿಂದ ಎರಡನೆಯ ಪಟ್ಟಿಯೊಂದನ್ನು ಮೊದಲೇ ಸಿದ್ಧವಿಟ್ಟುಕೊಂಡಿರುವುದು ಜಾಣತನವಾಗಿತ್ತು. ನನ್ನ ದೃಷ್ಟಿಯಲ್ಲಿ ಪೂರ್ವಸಿದ್ಧತೆಯ ನಿಜವಾದ ಪರೀಕ್ಷೆ ಅದೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ದೊಡ್ಡ ಯೋಜನೆಗಳಿಗೆ ಈ ಕಾಯ್ದೆಯಲ್ಲಿ ದಾರಿಯೇ ಇರಲಿಲ್ಲವೇ?

ಉತ್ತರ 1

ಇತ್ತು, ಆದರೆ ಬೇರೆ ಬಾಗಿಲಿನಿಂದ. ಟೈಗರ್ ಎಂದು ಹೆಸರಾದ 150 ಕೋಟಿ ಡಾಲರ್‌ಗಳ ಸ್ಪರ್ಧಾತ್ಮಕ ಅನುದಾನಕ್ಕೆ ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಅರ್ಜಿ ಹಾಕಬಹುದಿತ್ತು. ಅದರ ಆಯ್ಕೆಗಳು 2010ರ ಫೆಬ್ರುವರಿಯಲ್ಲಿ ಪ್ರಕಟವಾದವು. ಅತಿವೇಗದ ರೈಲಿಗೂ ಅಂತರನಗರ ರೈಲು ಸೇವೆಗೂ ಪ್ರತ್ಯೇಕವಾಗಿ 800 ಕೋಟಿ ಡಾಲರ್ ಇತ್ತು. ಇವೆರಡಕ್ಕೂ 120 ದಿನಗಳ ಆ ಗಡುವು ಅನ್ವಯಿಸುತ್ತಿರಲಿಲ್ಲ.