ಅಪ್‌ಡೇಟ್: ಉಣ್ಣೆ ಹತ್ತಿದ್ದ ನಮ್ಮ ಹಸುವಿನ ಜ್ವರ ಇಳಿಯಿತು

ಮದ್ದೂರು ಹತ್ತಿರದ ನಮ್ಮ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್ ತಳಿ) ಹಸುವಿಗೆ ಜೋರು ಜ್ವರ, ಹೆಗಲ ಮುಂದೆ ಗಂಟು, ಮೈತುಂಬಾ ರಕ್ತ ಹೀರುವ ಉಣ್ಣೆ ಹುಳ ಅಂತ ಇಲ್ಲಿ ಕೇಳಿದ್ದೆ. ಈಗ ಮೇವು ತಿನ್ನುತ್ತಿದೆ, ಹಾಲೂ ನಿಧಾನಕ್ಕೆ ಏರುತ್ತಿದೆ.

ಕೆಲಸಕ್ಕೆ ಬಂದಿದ್ದು 'ಮೊದಲು ರಕ್ತ ಪರೀಕ್ಷೆ ಮಾಡಿಸಿ' ಎಂದವರ ಮಾತು. ಉಣ್ಣೆ ಕಚ್ಚಿ ಹರಡುವ ಥೈಲೇರಿಯಾ ರೋಗ ಎಂದು ಗೊತ್ತಾಯಿತು. ಡಾಕ್ಟರು ಅದಕ್ಕೆ ಬುಪಾರ್ವಾಕ್ವೋನ್ ಎಂಬ ಔಷಧಿಯ ಇಂಜೆಕ್ಷನ್ ಕೊಟ್ಟರು. ಬೇವಿನೆಣ್ಣೆ ಹಚ್ಚಿದ್ದಕ್ಕೆ ಜ್ವರವೇನೂ ಇಳಿದಿರಲಿಲ್ಲ. ರೋಗಾಣು ರಕ್ತದೊಳಗೆ ಇರುತ್ತೆ ಅಲ್ವಾ!

ಉಣ್ಣೆ ಹಸುವಿನ ಮೈಮೇಲೆ ಮಾತ್ರ ಇರುವುದಿಲ್ಲ ಅನ್ನೋದು ನನಗೆ ಹೊಸದು. ರಕ್ತ ಕುಡಿದ ಹೆಣ್ಣು ಕೆಳಗೆ ಬಿದ್ದು, ಗೋಡೆ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತೆ. ಹಾಗಾಗಿ ಕೊಟ್ಟಿಗೆಯ ಬಿರುಕುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಿದೆವು. ಹಸುವಿನ ಮೈಗೆ ಡಾಕ್ಟರು ಹೇಳಿದ ಔಷಧಿಯನ್ನೇ ಹಾಕುತ್ತಿದ್ದೇವೆ.

ಮನೆಯವರಿಗೂ ಬರುತ್ತಾ ಅಂತ ಅಮ್ಮನಿಗೆ ತುಂಬಾ ಭಯವಿತ್ತು. ಹಸುವಿನ ಈ ಥೈಲೇರಿಯಾ ಜನರಿಗೆ ಬರುವುದಿಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಲ್ಲಿ ಪತ್ತೆಯಾದ ಮಂಗನ ಕಾಯಿಲೆಯೇ ಬೇರೆ. ಅದು ವೈರಸ್ಸು, ಹರಡುವುದು ಕಾಡಿನ ಉಣ್ಣೆ. ಆದರೂ ಬರಿಗೈಯಲ್ಲಿ ಉಣ್ಣೆ ಹಿಸುಕಬೇಡಿ. ಥೈಲೇರಿಯಾ ಹರಡುವ ಹಯಲೋಮಾ ಜಾತಿಯ ಉಣ್ಣೆಗಳೇ ಜನರಿಗೆ ಕಾಂಗೋ ಜ್ವರ ಎಂಬ ವೈರಸ್ ಕಾಯಿಲೆಯನ್ನೂ ತರಬಲ್ಲವು. 2011ರಲ್ಲಿ ಗುಜರಾತಲ್ಲಿ ಅದು ಕಾಣಿಸಿಕೊಂಡಿತ್ತು.

ಥೈಲೇರಿಯಾಗೆ ಲಸಿಕೆಯೂ ಇದೆ. ಮಿಶ್ರತಳಿ ಕರು ಇದ್ದವರು ಡಾಕ್ಟರ ಹತ್ತಿರ ಈಗಲೇ ಕೇಳಿ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.