ಅಪ್‌ಡೇಟ್: ಡೇವಿಸ್ ಬಿಟ್ಟೆ, ಸ್ಯಾನ್ ಹೋಸೆಗೇ ಸೇರುತ್ತಿದ್ದೇನೆ

ಏಪ್ರಿಲ್‌ನಲ್ಲಿ ಕೇಳಿದ್ದೆ, ನೆನಪಿದೆಯಾ? ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿರುವ ಡಿ ಆಂಜಾ ಎಂಬ ಎರಡು ವರ್ಷದ ಕಾಲೇಜಿನಲ್ಲಿ ಓದು ಮುಗಿಯುತ್ತಿದೆ, ಡಿಗ್ರಿಯ ಉಳಿದ ಎರಡು ವರ್ಷಕ್ಕೆ ಟ್ರಾನ್ಸ್‌ಫರ್ ಆಗಬೇಕು, ಫೈನಾನ್ಸ್ ಕೆಲಸಕ್ಕೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಡೇವಿಸ್ ಒಳ್ಳೆಯದಾ, ಸ್ಯಾನ್ ಹೋಸೆ ಸ್ಟೇಟ್ ಒಳ್ಳೆಯದಾ ಅಂತ. ಯುಸಿಎಲ್‌ಎ, ಅಂದ್ರೆ ಯುಸಿಯದೇ ಲಾಸ್ ಏಂಜಲೀಸ್ ಕ್ಯಾಂಪಸ್, ಆ ಆಸೆಯೂ ಇತ್ತು. ಸಿಗಲಿಲ್ಲ, ಬಿಡಿ.

ನಿಮ್ಮಲ್ಲೊಬ್ಬರು ಹೇಳಿದ ಮಾತು ನಿದ್ದೆ ಕೆಡಿಸಿತು. ಅಮೆರಿಕದ ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು (ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವ ಬ್ಯಾಂಕುಗಳು) ಮೂರನೇ ವರ್ಷದ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಒಂದು ವರ್ಷಕ್ಕೂ ಮೊದಲೇ ಅರ್ಜಿ ತೆಗೆದುಕೊಳ್ಳುತ್ತವೆ. ಅಂದ್ರೆ ನನ್ನಂಥ ಟ್ರಾನ್ಸ್‌ಫರ್ ಹುಡುಗ ಹೊಸ ಕ್ಯಾಂಪಸ್‌ಗೆ ಕಾಲಿಡುವ ಹೊತ್ತಿಗೆ ಆ ಇಂಟರ್ನ್‌ಶಿಪ್ ಸೀಟೆಲ್ಲ ಹೆಚ್ಚುಕಮ್ಮಿ ಭರ್ತಿ! ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಡೇವಿಸ್‌ನ ಮ್ಯಾನೇಜೀರಿಯಲ್ ಎಕನಾಮಿಕ್ಸ್ (ವ್ಯಾಪಾರದ ನಿರ್ಧಾರಗಳಿಗೆ ಅರ್ಥಶಾಸ್ತ್ರ ಬಳಸುವ ಕೋರ್ಸ್) ಚೆನ್ನಾಗಿದೆ. ಆದರೆ ಮನೆಯಿಂದ ನೂರು ಮೈಲಿಗೂ ಜಾಸ್ತಿ ದೂರ, ಬಾಡಿಗೆ ಬೇರೆ. ಸ್ಯಾನ್ ಹೋಸೆಯಲ್ಲಿ ಫೈನಾನ್ಸ್ ಅಂತಲೇ ಓದಬಹುದು, ಅಮ್ಮನ ಅನ್ನ-ಸಾರೂ ತಪ್ಪುವುದಿಲ್ಲ. ಸುತ್ತಮುತ್ತ ಟೆಕ್ ಕಂಪನಿಗಳು. ಅವುಗಳ ಬಜೆಟ್, ಅಕೌಂಟ್ಸ್ ಕಡೆ ಓದಿನ ನಡುವೆಯೂ ಇಂಟರ್ನ್‌ಶಿಪ್ ಹುಡುಕಬಹುದು. ವಾಲ್ ಸ್ಟ್ರೀಟ್, ಅಂದ್ರೆ ಆ ದೊಡ್ಡ ಬ್ಯಾಂಕುಗಳ ಕನಸನ್ನು ಸದ್ಯಕ್ಕೆ ಮಡಚಿಟ್ಟಿದ್ದೇನೆ.

ಯುಸಿ ಹೆಸರು ಬಿಟ್ಟೆನಲ್ಲ ಅಂತ ಅಪ್ಪನಿಗೆ ಇನ್ನೂ ಬೇಜಾರು. ಆಗಸ್ಟ್‌ನಲ್ಲಿ ಕ್ಲಾಸು ಶುರು. ಅಲ್ಲಿಯವರೆಗೆ ಎಕ್ಸೆಲ್ ಜೊತೆ ಗುದ್ದಾಡುತ್ತಿರುತ್ತೇನೆ.